ಐವತ್ತರ ಸಮ್ಮೇಳನಕ್ಕೆ ಮೊದಲು ನಡಾವಳಿ ಪುಸ್ತಕ ಹುಡುಕಿ

ಹೋದ ತಿಂಗಳು ಒಬ್ಬ ಕಾಲೇಜು ಗ್ರಂಥಪಾಲಕಿ ಫೋನ್ ಮಾಡಿದ್ದರು. "ಮೇಡಂ, ನಮ್ಮ ಗ್ರಂಥಪಾಲಕರ ಸಂಘಕ್ಕೆ ಇನ್ನೆರಡು ವರ್ಷಕ್ಕೆ ಐವತ್ತು ತುಂಬುತ್ತೆ. ದೊಡ್ಡ ಸಮ್ಮೇಳನ ಮಾಡೋಣ ಅಂತ ಕಾರ್ಯಕಾರಿ ಸಮಿತಿಯಲ್ಲಿ ತೀರ್ಮಾನ ಆಗಿದೆ. ನನ್ನನ್ನೇ ಸಂಚಾಲಕಿ ಮಾಡಿದ್ದಾರೆ. ಎಲ್ಲಿಂದ ಶುರು ಮಾಡ್ಲಿ?" ಅಂದರು. ಸಭಾಂಗಣ, ಅತಿಥಿಗಳು, ಪ್ರಾಯೋಜಕರು, ಊಟದವರು ಅಂತ ಅವರ ಕೈಯಲ್ಲಿ ಆಗಲೇ ಒಂದು ಪಟ್ಟಿ ಇತ್ತು.

"ಅದೆಲ್ಲ ಆಮೇಲೆ ಆಗುತ್ತಮ್ಮ. ನಿಮ್ಮ ಸಂಘದ ಮೊದಲನೇ ನಡಾವಳಿ ಪುಸ್ತಕ ಯಾರ ಹತ್ತಿರ ಇದೆ?" ಅಂತ ಕೇಳಿದೆ.

ಸ್ವಲ್ಪ ಹೊತ್ತು ಆ ಕಡೆಯಿಂದ ಮಾತಿಲ್ಲ. "ಗೊತ್ತಿಲ್ಲ ಮೇಡಂ. ವಿಚಾರಿಸ್ತೀನಿ" ಅಂದರು.

ಅವರದೊಬ್ಬರದೇ ಸಂಘದ ಕಥೆ ಅಲ್ಲ ಇದು. ಊರಿನವರ ಕಾಗದವನ್ನೆಲ್ಲ ಜೋಪಾನ ಮಾಡುವ ನಮಗೆ ನಮ್ಮದೇ ಸಂಘದ ಕಾಗದ ಇಡಲು ಜಾಗ ಇರುವುದಿಲ್ಲ. ಹೆಚ್ಚಿನ ಸಂಘಗಳಿಗೆ ಸ್ವಂತ ಕಟ್ಟಡ ಇಲ್ಲ. ಕಾರ್ಯದರ್ಶಿಯ ಮನೆಯೇ ಕಚೇರಿ. ಚುನಾವಣೆ ಆದಾಗಲೆಲ್ಲ ಫೈಲುಗಳು ಒಂದು ಮನೆಯಿಂದ ಇನ್ನೊಂದು ಮನೆಗೆ ಹೋಗುತ್ತವೆ. ಹಾಗೆ ಹೋಗುವಾಗ ಹೊಸ ಕಾರ್ಯದರ್ಶಿ ಚೆಕ್ ಪುಸ್ತಕ, ರಸೀದಿ ಪುಸ್ತಕ, ಈಗಿನ ನಡಾವಳಿ ಪುಸ್ತಕ ಇಷ್ಟನ್ನು ಕೇಳಿ ಪಡೆಯುತ್ತಾರೆ. ತುಂಬಿ ಮುಗಿದ ಹಳೆಯ ಪುಸ್ತಕಗಳನ್ನು ಯಾರೂ ಕೇಳುವುದಿಲ್ಲ. ಅವು ಹಳೆಯ ಮನೆಯ ಅಟ್ಟದಲ್ಲೇ ಉಳಿಯುತ್ತವೆ.

ನಾನು ಕೆಲಸ ಮಾಡಿದ ಒಂದು ಸಂಘದ ಸುವರ್ಣ ವರ್ಷದಲ್ಲಿ ಹೀಗೇ ಆಯಿತು. ಮೊದಲ ಹತ್ತು ವರ್ಷದ ದಾಖಲೆ ಇಲ್ಲ. ನಾವು ಮೂವರು ಸೇರಿ ಹಳೆಯ ಕಾರ್ಯದರ್ಶಿಗಳ ಮನೆಗಳನ್ನು ಒಂದೊಂದಾಗಿ ಸುತ್ತಿದೆವು. ಕೊನೆಗೆ ತೀರಿಹೋದ ಒಬ್ಬ ಕಾರ್ಯದರ್ಶಿಯವರ ಮನೆಯಲ್ಲಿ ಅವರ ಸೊಸೆ ಒಂದು ತಗಡಿನ ಟ್ರಂಕು ಇಳಿಸಿ ಕೊಟ್ಟರು. "ಮಾವ ಇದನ್ನು ಬಿಸಾಡಬೇಡಿ ಅಂತ ಹೇಳಿದ್ರು. ಯಾರಾದ್ರೂ ಬರ್ತಾರೆ ಅಂತ ಇಟ್ಕೊಂಡಿದ್ದೆ" ಅಂದರು. ಒಳಗೆ ಲಗ್ನಪತ್ರಿಕೆಗಳ ಕೆಳಗೆ ನಮ್ಮ ನಡಾವಳಿ ಪುಸ್ತಕ ಇತ್ತು.

ಮೊದಲ ಪುಟದಲ್ಲೇ ಒಂದು ಸಮಸ್ಯೆ ಎದುರಾಯಿತು. ನಮ್ಮ ಲೆಟರ್‌ಹೆಡ್‌ನಲ್ಲಿದ್ದ ಸ್ಥಾಪನೆಯ ವರ್ಷಕ್ಕೂ ಮೊದಲ ಸಭೆ ನಡೆದ ವರ್ಷಕ್ಕೂ ಒಂದು ವರ್ಷದ ಅಂತರ. ಲೆಟರ್‌ಹೆಡ್‌ನಲ್ಲಿದ್ದದ್ದು ಸಂಘ ನೋಂದಣಿಯಾದ ವರ್ಷ. ಬಹಳ ಸಂಘಗಳಲ್ಲಿ ಈ ಗೊಂದಲ ಇದೆ. ಮೊದಲು ಒಂದಿಷ್ಟು ಜನ ಸೇರಿ ಸಂಘ ಕಟ್ಟೋಣ ಅಂತ ನಿರ್ಣಯ ಮಾಡುತ್ತಾರೆ. ಬೈಲಾ ಬರೆದು, ಸಂಘ ಸಂಸ್ಥೆಗಳ ಕಾಯ್ದೆಯಲ್ಲಿ ನೋಂದಣಿ ಮಾಡಿಸುವ ಹೊತ್ತಿಗೆ ತಿಂಗಳುಗಟ್ಟಲೆ ಹಿಡಿಯುತ್ತದೆ. ಯಾವುದನ್ನು ಹುಟ್ಟಿದ ದಿನ ಅನ್ನಬೇಕು? ನನ್ನ ಅಭಿಪ್ರಾಯದಲ್ಲಿ ಜನ ಸೇರಿ ನಿರ್ಣಯ ಮಾಡಿದ ದಿನವೇ ಹುಟ್ಟಿದ ದಿನ. ಭಾರತೀಯ ಗ್ರಂಥಾಲಯ ಸಂಘವೂ ತನ್ನ ಹುಟ್ಟನ್ನು 1933ರ ಸೆಪ್ಟೆಂಬರ್ 13ಕ್ಕೆ ಎಣಿಸುತ್ತದೆ. ಕಲ್ಕತ್ತೆಯಲ್ಲಿ ನಡೆದ ಮೊದಲ ಅಖಿಲ ಭಾರತ ಗ್ರಂಥಾಲಯ ಸಮ್ಮೇಳನದಲ್ಲಿ ಅದು ಹುಟ್ಟಿದ ದಿನ ಅದು. ನಿಮ್ಮ ಸಂಘ ಯಾವುದನ್ನು ಆರಿಸಿಕೊಂಡರೂ ಸರಿ. ಮಹಾಸಭೆಯಲ್ಲಿ ಇಟ್ಟು ತೀರ್ಮಾನಿಸಿ, ನಡಾವಳಿಯಲ್ಲಿ ಬರೆದಿಡಿ. ಬ್ಯಾನರ್ ಅಚ್ಚಾದ ಮೇಲೆ ಈ ಚರ್ಚೆ ಶುರುವಾದರೆ ತುಂಬ ಕಷ್ಟ.

ಅದೇ ಪುಸ್ತಕದಲ್ಲಿ ಮೊದಲ ಸಭೆಗೆ ಬಂದವರ ಸಹಿಗಳಿದ್ದವು. ಅದರಲ್ಲಿ ಇಬ್ಬರು ಇನ್ನೂ ಇದ್ದಾರೆ ಅಂತ ತಿಳಿಯಿತು. ಒಬ್ಬರು ಧಾರವಾಡದಲ್ಲಿ ಮಗಳ ಮನೆಯಲ್ಲಿದ್ದರು. ಸಮ್ಮೇಳನಕ್ಕೆ ಬರುವಷ್ಟು ಶಕ್ತಿ ಇರಲಿಲ್ಲ. ನಾವೇ ಹೋಗಿ ಎರಡು ಮಧ್ಯಾಹ್ನ ಕೂತು ಅವರ ಮಾತು ರೆಕಾರ್ಡ್ ಮಾಡಿಕೊಂಡೆವು. ಆ ಕಾಲದಲ್ಲಿ ಸಂಘ ಕಟ್ಟಿದ್ದು ಯಾಕೆ ಅಂತ ಕೇಳಿದೆ. ಅವರು ಸಂಬಳದ ಮಾತು ಎತ್ತಲಿಲ್ಲ, ಹುದ್ದೆಯ ಮಾತೂ ಎತ್ತಲಿಲ್ಲ. "ಯಾವ ಊರಲ್ಲಿ ಯಾವ ಪುಸ್ತಕ ಇದೆ ಅಂತ ಒಬ್ಬರಿಗೊಬ್ಬರಿಗೆ ಗೊತ್ತಿರಲಿಲ್ಲ. ಅದಕ್ಕೇ ಸೇರಿದ್ವಿ" ಅಂದರು. ಈ ಒಂದು ಮಾತು ನಮ್ಮ ಸಮ್ಮೇಳನದ ವಿಷಯವನ್ನೇ ಬದಲಿಸಿತು. ಅಲ್ಲಿಯ ತನಕ ನಮ್ಮ ವಿಷಯ 'ಡಿಜಿಟಲ್ ಯುಗದಲ್ಲಿ ಗ್ರಂಥಾಲಯಗಳು' ಅಂತ ಇತ್ತು. ಆ ಮೇಲೆ ಅದನ್ನು ಬಿಟ್ಟು, ಜಿಲ್ಲೆಯ ಗ್ರಂಥಾಲಯಗಳಲ್ಲಿರುವ ಹಳೆಯ ಕನ್ನಡ ಪುಸ್ತಕಗಳ ಒಂದೇ ಪಟ್ಟಿ ಮಾಡುವ ಕೆಲಸವನ್ನು ನಡುವೆ ಇಟ್ಟುಕೊಂಡು ಗೋಷ್ಠಿಗಳನ್ನು ಜೋಡಿಸಿದೆವು.

ನಾನು ಹೇಳಬೇಕಾದ ಮುಖ್ಯ ವಿಷಯ ಇದೇ. ಐವತ್ತು, ಎಪ್ಪತ್ತೈದು, ನೂರು ತುಂಬಿದಾಗ ಮಾಡುವ ಸಮ್ಮೇಳನ ಪ್ರತಿ ವರ್ಷದ ಸಮ್ಮೇಳನದ ದೊಡ್ಡ ರೂಪ ಅಲ್ಲ. ಅದಕ್ಕೆ ಬೇರೆಯದೇ ಕೆಲಸ ಇದೆ. ಸಂಘ ಯಾಕೆ ಹುಟ್ಟಿತು ಅಂತ ಹುಡುಕಬೇಕು. ಅದರಲ್ಲಿ ಇನ್ನೂ ಆಗದೆ ಉಳಿದದ್ದು ಏನು ಅಂತ ನೋಡಬೇಕು. ಅದನ್ನು ಶುರು ಮಾಡಿಯೇ ಮನೆಗೆ ಹೋಗಬೇಕು.

ಇದಕ್ಕೆ ನಮ್ಮ ವೃತ್ತಿಯ ಚರಿತ್ರೆಯಲ್ಲೇ ಒಳ್ಳೆಯ ಉದಾಹರಣೆ ಇದೆ. ಬ್ರಿಟನ್ನಿನ ಗ್ರಂಥಾಲಯ ಸಂಘ 1877ರಲ್ಲಿ ಲಂಡನ್ನಿನಲ್ಲಿ ಹುಟ್ಟಿತು. ಅದರ ಐವತ್ತನೇ ವರ್ಷದ ಸಮ್ಮೇಳನ ನಡೆದದ್ದು 1927ರಲ್ಲಿ, ಎಡಿನ್‌ಬರೋದಲ್ಲಿ. ಅಲ್ಲಿ ಸೆಪ್ಟೆಂಬರ್ 30ರಂದು 15 ದೇಶಗಳ ಗ್ರಂಥಾಲಯ ಸಂಘಗಳ ಪ್ರತಿನಿಧಿಗಳು ಒಂದು ಒಪ್ಪಂದಕ್ಕೆ ಸಹಿ ಹಾಕಿದರು. ಇವತ್ತು ನಾವು ಇಫ್ಲಾ ಅನ್ನುವ ಅಂತಾರಾಷ್ಟ್ರೀಯ ಒಕ್ಕೂಟ ಹುಟ್ಟಿದ್ದು ಹಾಗೆ. ಅದೂ ಏಕಾಏಕಿ ಆದದ್ದಲ್ಲ. ಹಿಂದಿನ ವರ್ಷ, 1926ರಲ್ಲಿ, ಅಮೆರಿಕದ ಗ್ರಂಥಾಲಯ ಸಂಘ ತನ್ನ ಐವತ್ತನೇ ವರ್ಷದ ಸಮ್ಮೇಳನ ಮಾಡಿತ್ತು. ಹೊರದೇಶದ ಗ್ರಂಥಪಾಲಕರೂ ಬಂದಿದ್ದರು. ಇಂಥ ಒಕ್ಕೂಟ ಬೇಕು ಅನ್ನುವ ಮಾತುಕತೆ ಅಲ್ಲಿಯೂ ನಡೆದಿತ್ತು. ಒಂದು ಸುವರ್ಣ ಮಹೋತ್ಸವದಲ್ಲಿ ಆಡಿದ ಮಾತು ಇನ್ನೊಂದು ಸುವರ್ಣ ಮಹೋತ್ಸವದಲ್ಲಿ ಕೈಗೂಡಿತು. ಆ ಎರಡು ಸಮ್ಮೇಳನಗಳಲ್ಲಿ ಊಟ ಹೇಗಿತ್ತು, ಯಾರಿಗೆ ಸನ್ಮಾನ ಆಯಿತು ಅಂತ ಈಗ ಯಾರೂ ಕೇಳುವುದಿಲ್ಲ. ಇಫ್ಲಾಗೆ ಮಾತ್ರ 2027ಕ್ಕೆ ನೂರು ತುಂಬುತ್ತದೆ.

ನಮ್ಮ ದೇಶದಲ್ಲೂ ಇಂಥ ನೂರರ ಸರದಿ ಬಂದಿದೆ. ಮದ್ರಾಸ್ ಗ್ರಂಥಾಲಯ ಸಂಘ ಹುಟ್ಟಿದ್ದು 1928ರಲ್ಲಿ. ಅದು ಮೂರೇ ವರ್ಷಕ್ಕೆ, 1931ರಲ್ಲಿ, ನಮ್ಮ ದೇಶದ ಗ್ರಂಥಾಲಯ ವಿಜ್ಞಾನದ ಪಿತಾಮಹ ಅನ್ನಿಸಿಕೊಂಡ ಎಸ್.ಆರ್. ರಂಗನಾಥನ್ ಅವರ ಗ್ರಂಥಾಲಯ ವಿಜ್ಞಾನದ ಪಂಚಸೂತ್ರಗಳ ಪುಸ್ತಕವನ್ನು ಹೊರತಂದಿತು. ಇವತ್ತಿಗೂ ಗ್ರಂಥಾಲಯ ವಿಜ್ಞಾನದ ತರಗತಿಗಳಲ್ಲಿ ಆ ಸೂತ್ರಗಳಿಂದಲೇ ಪಾಠ ಶುರುವಾಗುತ್ತದೆ. ಸಂಘ ಅಂದರೆ ಏನು ಮಾಡಬಹುದು ಅನ್ನುವುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಿಲ್ಲ ಅಲ್ವಾ? ಭಾರತೀಯ ಗ್ರಂಥಾಲಯ ಸಂಘಕ್ಕೆ 2033ರಲ್ಲಿ ನೂರು. ನಮ್ಮ ಕರ್ನಾಟಕಕ್ಕೆ ಸೇರಿದ ಒಂದು ನೂರು ಆಗಲೇ ದಾಟಿಹೋಯಿತು. 1924ರಲ್ಲಿ ಗಾಂಧೀಜಿ ಅಧ್ಯಕ್ಷತೆಯ ಕಾಂಗ್ರೆಸ್ ಅಧಿವೇಶನ ಬೆಳಗಾವಿಯಲ್ಲಿ ನಡೆಯಿತಲ್ಲ, ಅದೇ ವರ್ಷ ಅದೇ ಊರಿನಲ್ಲಿ ಅಖಿಲ ಭಾರತ ಸಾರ್ವಜನಿಕ ಗ್ರಂಥಾಲಯ ಸಮ್ಮೇಳನವೂ ನಡೆದಿತ್ತು. ಅಧಿವೇಶನದ ನೂರನೇ ವರ್ಷವನ್ನು 2024ರ ಡಿಸೆಂಬರಿನಲ್ಲಿ ದೊಡ್ಡದಾಗಿ ನೆನೆದರು. ಗ್ರಂಥಾಲಯ ಸಮ್ಮೇಳನದ ಮಾತು ನನ್ನ ಕಿವಿಗೆ ಬೀಳಲಿಲ್ಲ. ನನಗೆ ಅದು ನೋವಿನ ವಿಷಯ. ನೆನಪಿಸಬೇಕಾದವರು ನಾವೇ ಆಗಿದ್ದೆವು.

ಈಗ ಕೆಲಸದ ಮಾತಿಗೆ ಬರುತ್ತೇನೆ. ಎರಡು ವರ್ಷ ಮೊದಲೇ ಶುರು ಮಾಡಿ ಅನ್ನುವುದು ನನ್ನ ಸಲಹೆ. ಮೊದಲ ವರ್ಷ ಪೂರ್ತಿ ದಾಖಲೆ ಹುಡುಕುವುದಕ್ಕೆ, ಹಿರಿಯರ ಮಾತು ರೆಕಾರ್ಡ್ ಮಾಡುವುದಕ್ಕೆ ಇರಲಿ. ಇದಕ್ಕೆ ದುಡ್ಡು ಜಾಸ್ತಿ ಬೇಡ, ಕಾಲು ಬೇಕು. ಹಳೆಯ ಸ್ಮರಣ ಸಂಚಿಕೆಗಳು, ಫೋಟೋಗಳು, ಸರ್ಕಾರಕ್ಕೆ ಕೊಟ್ಟ ಮನವಿಗಳ ಪ್ರತಿ, ಆಡಿಟ್ ವರದಿ ಎಲ್ಲ ಸೇರಿಸಿ. ಫೋಟೋದಲ್ಲಿ ಇರುವವರ ಹೆಸರು ಹೇಳಬಲ್ಲವರು ಇರುವಾಗಲೇ ಹಿಂದೆ ಪೆನ್ಸಿಲ್ಲಿನಲ್ಲಿ ಬರೆದಿಡಿ. ಪೆನ್ನಿನಲ್ಲಿ ಬೇಡ, ಶಾಯಿ ಮುಂದಕ್ಕೆ ಇಳಿಯುತ್ತದೆ.

ಇಲ್ಲಿ ಒಂದು ವಿಚಿತ್ರ ನೋಡಿದೆ. 1970ರ ದಶಕದ ಟೈಪ್ ಮಾಡಿದ ಕಾಗದಗಳನ್ನು ಸಲೀಸಾಗಿ ಓದಬಹುದು. ಬೆಳ್ಳಿಹಬ್ಬದ ಹೊತ್ತಿನ ಸ್ಮರಣ ಸಂಚಿಕೆಯ ಕಂಪ್ಯೂಟರ್ ಫೈಲುಗಳು ಮಾತ್ರ ತೆರೆಯಲಿಲ್ಲ. ಪೇಜ್‌ಮೇಕರ್ ಅನ್ನುವ ಹಳೆಯ ಪುಟವಿನ್ಯಾಸದ ಸಾಫ್ಟ್‌ವೇರ್‌ನಲ್ಲಿ ಮಾಡಿದ್ದು. ಅಕ್ಷರ ಯೂನಿಕೋಡ್‌ಗೆ ಮೊದಲಿನ ಫಾಂಟಿನದು. ಯೂನಿಕೋಡ್ ಅಂದರೆ ಎಲ್ಲ ಕಂಪ್ಯೂಟರಿಗೂ ಒಂದೇ ಆದ ಅಕ್ಷರ ಸಂಕೇತ. ಫ್ಲಾಪಿಯಿಂದ ಸಿಡಿಗೆ ಹಾಕಿಟ್ಟಿದ್ದರು, ಸರಿ. ಆದರೆ ತೆರೆದರೆ ಬರೀ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರ. ಕೊನೆಗೆ ಅಚ್ಚಾದ ಪುಸ್ತಕವನ್ನೇ ಸ್ಕ್ಯಾನ್ ಮಾಡಬೇಕಾಯಿತು. ಹಾಗಾಗಿ ನಿಮ್ಮ ಸಂಚಿಕೆಯನ್ನು ಯೂನಿಕೋಡ್‌ನಲ್ಲೇ ಮಾಡಿಸಿ. ಡಿಟಿಪಿಯವರು "ನುಡಿಯಲ್ಲೇ ಸುಲಭ ಮೇಡಂ" ಅಂತ ನುಡಿ ತಂತ್ರಾಂಶದ ಹಳೆಯ ಫಾಂಟು ತೆಗೆದರೆ ಒಪ್ಪಬೇಡಿ. ಮುಗಿದ ಪಿಡಿಎಫ್‌ನಲ್ಲಿ ಒಂದು ಕನ್ನಡ ಪದ ಕೊಟ್ಟು ಹುಡುಕಿ ನೋಡಿ. ಸಿಕ್ಕಿದರೆ ಮಾತ್ರ ಬಿಲ್ ಕೊಡಿ.

ಎರಡನೇ ವರ್ಷ ಸಮ್ಮೇಳನದ ತಯಾರಿ. ದಿನಾಂಕ ಗೊತ್ತು ಮಾಡುವಾಗ ಆಗಸ್ಟ್ 12 ಎಲ್ಲರಿಗೂ ಹೊಳೆಯುತ್ತದೆ. ರಂಗನಾಥನ್ ಅವರ ಹುಟ್ಟುಹಬ್ಬ, ಗ್ರಂಥಪಾಲಕರ ದಿನ. ಆದರೆ ಅವತ್ತು ಪ್ರತಿ ಗ್ರಂಥಾಲಯದಲ್ಲೂ ಅವರವರ ಕಾರ್ಯಕ್ರಮ ಇರುತ್ತದೆ. ಮಲೆನಾಡು, ಕರಾವಳಿ ಕಡೆಯವರಿಗೆ ಮಳೆಯಲ್ಲಿ ಪ್ರಯಾಣ. ನವೆಂಬರ್ 14ರಿಂದ 20ರ ಗ್ರಂಥಾಲಯ ಸಪ್ತಾಹಕ್ಕೂ ಇದೇ ತೊಂದರೆ. ಪರೀಕ್ಷೆ, ಚುನಾವಣೆ ನೋಡಿಕೊಂಡು ಬೇರೆ ಎರಡು ದಿನ ಹುಡುಕಿ. ಸರ್ಕಾರಿ ನೌಕರರಿಗೆ ಒಒಡಿ (ಆ ದಿನಗಳನ್ನು ಕರ್ತವ್ಯ ಅಂತಲೇ ಎಣಿಸುವ ಅನುಮತಿ) ಸಿಗುವಂತೆ ಇಲಾಖೆಯ ಆದೇಶ ಮೊದಲೇ ಮಾಡಿಸಿ. ಆದೇಶ ಸಮ್ಮೇಳನದ ಹಿಂದಿನ ದಿನ ಕೈಗೆ ಬಂದರೆ ದೂರದ ಜಿಲ್ಲೆಯವರು ಬರುವುದೇ ಇಲ್ಲ.

ಉದ್ಘಾಟನೆಯ ವಿಷಯದಲ್ಲಿ ನಾನು ತುಂಬ ಕಟ್ಟುನಿಟ್ಟು. ಅದಕ್ಕೆ ಕಾರಣ ಇದೆ. ಹಿಂದೆ ಒಂದು ಸಮ್ಮೇಳನದಲ್ಲಿ ಮುಖ್ಯ ಅತಿಥಿಗಳು ಎರಡೂವರೆ ಗಂಟೆ ತಡವಾಗಿ ಬಂದರು. ಆಮೇಲೆ ಹದಿನೆಂಟು ಜನಕ್ಕೆ ಶಾಲು, ಹಾರ, ಫಲತಾಂಬೂಲ. ಊಟ ಮುಗಿದಾಗ ಮೂರೂವರೆ. ಮಧ್ಯಾಹ್ನದ ಗೋಷ್ಠಿಯಲ್ಲಿ ಒಬ್ಬೊಬ್ಬರಿಗೆ ನಾಲ್ಕು ನಿಮಿಷ ಕೊಟ್ಟೆವು. ರಾಯಚೂರು ಕಡೆಯಿಂದ ರಾತ್ರಿ ಬಸ್ಸಿನಲ್ಲಿ ಬಂದಿದ್ದ ಒಬ್ಬ ಹುಡುಗಿ ಎಂಟು ತಿಂಗಳು ಓದುಗರ ಬಗ್ಗೆ ಮಾಡಿದ ಕೆಲಸವನ್ನು ಹೇಳಲು ಶುರು ಮಾಡಿದ್ದಳು. ಎರಡನೇ ಸ್ಲೈಡಿಗೆ ಗಂಟೆ ಬಾರಿಸಿದೆ. ಬಾರಿಸಿದವಳು ನಾನೇ. ಅವಳು ಏನೂ ಅನ್ನದೆ ಪೆನ್‌ಡ್ರೈವ್ ತೆಗೆದುಕೊಂಡು ಕೆಳಗಿಳಿದಳು. ಆ ತಪ್ಪು ಇನ್ನೊಂದು ಸಲ ಆಗಕೂಡದು ಅಂತ ಅವತ್ತೇ ಅಂದುಕೊಂಡೆ.

ಸುವರ್ಣ ಸಮ್ಮೇಳನದಲ್ಲಿ ಸನ್ಮಾನ ಮಾಡಬೇಕಾದವರ ಪಟ್ಟಿ ಉದ್ದವಾಗಿಯೇ ಇರುತ್ತದೆ. ಅದು ಸರಿಯೂ ಹೌದು. ಹಳಬರನ್ನು ಕರೆಯದಿದ್ದರೆ ಹಬ್ಬವೇ ಅಲ್ಲ. ನಾವು ಹಿಂದಿನ ದಿನ ಸಂಜೆಯೇ ಅವರನ್ನೆಲ್ಲ ಸೇರಿಸಿದೆವು. ವೇದಿಕೆ ಇಲ್ಲ. ಸುತ್ತ ಕುರ್ಚಿ, ಕಾಫಿ, ಮಂಡಕ್ಕಿ. ಹೊಸದಾಗಿ ಸೇರಿದ ಗ್ರಂಥಪಾಲಕರು ಅವರ ಪಕ್ಕ ಕೂತು ಪ್ರಶ್ನೆ ಕೇಳಿದರು. ಕಾರ್ಡ್ ಕ್ಯಾಟಲಾಗ್ ಬರೆದವರು, ಸೈಕಲ್ಲಿನಲ್ಲಿ ಹಳ್ಳಿಗೆ ಪುಸ್ತಕ ಒಯ್ದವರು, ರಂಗನಾಥನ್ ಬೆಂಗಳೂರಿಗೆ ಬಂದು ನೆಲೆಸಿದ ಕಾಲದಲ್ಲಿ ಅವರ ಮಾತು ಕೇಳಿದವರು ಎಲ್ಲ ಇದ್ದರು. ಶಾಲು ಹೊದಿಸಿದ್ದೂ ಅಲ್ಲೇ. ಮರುದಿನ ಉದ್ಘಾಟನೆ ಒಂದು ಗಂಟೆಯಲ್ಲಿ ಮುಗಿಯಿತು. ಯಾರಿಗೂ ಬೇಸರ ಆಗಲಿಲ್ಲ.

ಯಾರು ಬರುತ್ತಾರೆ ಅನ್ನುವುದು ದೊಡ್ಡ ವಿಷಯ. ಸುಮ್ನೆ ಬಿಟ್ಟರೆ ವಿಶ್ವವಿದ್ಯಾಲಯ, ಕಾಲೇಜುಗಳವರೇ ಬರುತ್ತಾರೆ. ಅವರಿಗೆ ಪ್ರಮಾಣಪತ್ರ ಬಡ್ತಿಗೆ ಬೇಕು. ಶುಲ್ಕ ಕಟ್ಟುವ ಶಕ್ತಿಯೂ ಇದೆ. ಆದರೆ ನಮ್ಮ ರಾಜ್ಯದಲ್ಲಿ ಐದು ಸಾವಿರಕ್ಕೂ ಹೆಚ್ಚು ಗ್ರಾಮ ಪಂಚಾಯಿತಿ ಗ್ರಂಥಾಲಯಗಳಿವೆ. ಅವು 2019ರಲ್ಲಿ ಗ್ರಂಥಾಲಯ ಇಲಾಖೆಯಿಂದ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಗೆ ಬಂದವು. ಈಗ ಅರಿವು ಕೇಂದ್ರ ಅನ್ನುತ್ತೇವೆ. ಅಲ್ಲಿನ ಮೇಲ್ವಿಚಾರಕರು ದಿನವೂ ಮಕ್ಕಳನ್ನು ಕೂರಿಸಿಕೊಂಡು ಓದಿಸುತ್ತಾರೆ. ಕರ್ನಾಟಕ ಸಾರ್ವಜನಿಕ ಗ್ರಂಥಾಲಯ ಕಾಯ್ದೆ ಬಂದದ್ದು 1965ರಲ್ಲಿ. ಅದು ಹಳ್ಳಿಯಲ್ಲಿ ಹೇಗೆ ಇಳಿದಿದೆ ಅಂತ ಅವರಷ್ಟು ಚೆನ್ನಾಗಿ ಬೇರೆ ಯಾರೂ ಹೇಳಲಾರರು.

ಅವರನ್ನು ಕರೆಯುವುದು ಅಂದರೆ ಆಮಂತ್ರಣ ಕಳಿಸಿದರೆ ಸಾಲದು. ಶುಲ್ಕ ಬೇಡ ಅನ್ನಬೇಕು. ಬಸ್ ಚಾರ್ಜು ಕೊಡಬೇಕು. ಅವರು ಎರಡು ದಿನ ಬಂದರೆ ಅಲ್ಲಿ ಬೀಗ ತೆಗೆಯುವವರು ಯಾರು ಅಂತಲೂ ಯೋಚಿಸಬೇಕು. ಪಂಚಾಯಿತಿಯ ಪಿಡಿಒ ಜೊತೆ ಮೊದಲೇ ಮಾತಾಡಬೇಕು. ನಾವು ಪ್ರತಿ ತಾಲ್ಲೂಕಿನಿಂದ ಇಬ್ಬರನ್ನು ಕರೆದೆವು. ಅವರಿಗೆ ಪ್ರಬಂಧ ಬರೆಯಿರಿ ಅನ್ನಲಿಲ್ಲ. ಮೂರು ಪ್ರಶ್ನೆ ಕಳಿಸಿದೆವು: ನಿಮ್ಮಲ್ಲಿ ಜಾಸ್ತಿ ಹೊರಗೆ ಹೋಗುವ ಪುಸ್ತಕ ಯಾವುದು, ಯಾರೂ ಮುಟ್ಟದ ಪುಸ್ತಕ ಯಾವುದು, ಓದುಗರು ಕೇಳಿ ನೀವು ಕೊಡಲಾಗದ್ದು ಯಾವುದು. ಎರಡು ದಿನದ ಸಮ್ಮೇಳನದಲ್ಲಿ ಕುರ್ಚಿ ಸಾಲದೆ ಜನ ನಿಂತು ಕೇಳಿದ ಗೋಷ್ಠಿ ಅದೊಂದೇ. ಬಹುತೇಕ ಎಲ್ಲರೂ ಮೂರನೇ ಪ್ರಶ್ನೆಗೆ ಸ್ಪರ್ಧಾತ್ಮಕ ಪರೀಕ್ಷೆಯ ಹೊಸ ಪುಸ್ತಕ ಅಂದರು. ಒಬ್ಬರು ಮಾತ್ರ, "ನಮ್ಮೂರಿನ ಒಂದು ಅಜ್ಜಿ ದೊಡ್ಡ ಅಕ್ಷರದ ಪುಸ್ತಕ ಕೇಳ್ತಾರೆ, ನನ್ನ ಹತ್ತಿರ ಒಂದೂ ಇಲ್ಲ" ಅಂದರು. ಅಲ್ಲೇ ಇದ್ದ ಒಬ್ಬ ಪ್ರಕಾಶಕರು ಎದ್ದು ಅವರ ನಂಬರ್ ತೆಗೆದುಕೊಂಡರು.

ಕನ್ನಡದ ಮಾತೂ ಹೇಳಬೇಕು. ಪ್ರಬಂಧ ಆಹ್ವಾನ ಪೂರ್ತಿ ಇಂಗ್ಲಿಷಿನಲ್ಲಿ ಹೋದರೆ ಇಂಗ್ಲಿಷ್ ಪ್ರಬಂಧಗಳೇ ಬರುತ್ತವೆ. ಕನ್ನಡದಲ್ಲೂ ಆಹ್ವಾನ ಕಳಿಸಿ. ಕನ್ನಡ ಪ್ರಬಂಧ ಓದಿ ತೂಗಬಲ್ಲವರು ಪರಿಶೀಲನಾ ಸಮಿತಿಯಲ್ಲಿ ಇರಲಿ. ಎಷ್ಟು ಪ್ರಬಂಧ ಬಂತು ಅನ್ನುವುದನ್ನು ಹೆಮ್ಮೆಯ ವಿಷಯ ಮಾಡಿಕೊಳ್ಳಬೇಡಿ. ನಲವತ್ತು ಒಳ್ಳೆಯವು ಇದ್ದರೆ, ಒಂದೊಂದಕ್ಕೂ ಹದಿನೈದು ನಿಮಿಷ ಸಿಕ್ಕರೆ, ಅದೇ ಸಾಕು.

ದುಡ್ಡಿನ ಬಗ್ಗೆ ಚಿಕ್ಕದಾಗಿ ಹೇಳುತ್ತೇನೆ. ಸಮ್ಮೇಳನಕ್ಕೆ ಬೇರೆ ಬ್ಯಾಂಕ್ ಖಾತೆ ತೆರೆಯಿರಿ. ಇಬ್ಬರ ಸಹಿ ಇರಲಿ. ಪ್ರಕಾಶಕರು, ಸಾಫ್ಟ್‌ವೇರ್ ಕಂಪನಿಗಳು ಮಳಿಗೆ ಹಾಕಲಿ, ಜಾಹೀರಾತು ಕೊಡಲಿ. ಗೋಷ್ಠಿಯ ಸಮಯ ಮಾತ್ರ ಮಾರಬೇಡಿ. ಕೋಹಾದಂಥ, ದುಡ್ಡಿಲ್ಲದೆ ಸಿಗುವ ಗ್ರಂಥಾಲಯ ಸಾಫ್ಟ್‌ವೇರ್ ಬಳಸಿದವರ ಅನುಭವಕ್ಕೂ ಅಷ್ಟೇ ಜಾಗ ಕೊಡಿ. ಪ್ಲಾಸ್ಟಿಕ್ ಫೋಲ್ಡರ್, ಬ್ಯಾಗು, ನೆನಪಿನ ಕಾಣಿಕೆಗೆ ಹೋಗುವ ದುಡ್ಡಿನಲ್ಲಿ ಹಳೆಯ ದಾಖಲೆಗಳನ್ನು ಸ್ಕ್ಯಾನ್ ಮಾಡಿಸಬಹುದು. ಮೂರು ತಿಂಗಳಲ್ಲಿ ಲೆಕ್ಕ ಆಡಿಟ್ ಮಾಡಿಸಿ ಸದಸ್ಯರ ಮುಂದಿಡಿ.

ಪ್ರಬಂಧಗಳ ಪುಸ್ತಕಕ್ಕೆ ಐಎಸ್‌ಬಿಎನ್, ಅಂದರೆ ಪುಸ್ತಕದ ಗುರುತಿನ ಸಂಖ್ಯೆ, ಬೇಕಾಗುತ್ತದೆ. ಭಾರತದಲ್ಲಿ ಅದನ್ನು ರಾಜಾ ರಾಮಮೋಹನ ರಾಯ್ ಹೆಸರಿನ ರಾಷ್ಟ್ರೀಯ ಏಜೆನ್ಸಿ ಉಚಿತವಾಗಿ ಕೊಡುತ್ತದೆ. ಮಧ್ಯದವರಿಗೆ ದುಡ್ಡು ಕೊಡಬೇಕಿಲ್ಲ. ಅರ್ಜಿ ಮೊದಲೇ ಹಾಕಿ. ಇನ್ನೊಂದು ವಿಷಯ ನಾವೇ ಮರೆಯುತ್ತೇವೆ. 1954ರ ಪುಸ್ತಕ ವಿತರಣಾ ಕಾಯ್ದೆಯ ಪ್ರಕಾರ ಪ್ರಕಟವಾದ 30 ದಿನದಲ್ಲಿ ಒಂದೊಂದು ಪ್ರತಿಯನ್ನು ಕೋಲ್ಕತ್ತದ ರಾಷ್ಟ್ರೀಯ ಗ್ರಂಥಾಲಯಕ್ಕೂ ಚೆನ್ನೈ, ಮುಂಬೈ, ದೆಹಲಿಯ ಮೂರು ಗ್ರಂಥಾಲಯಗಳಿಗೂ ಕಳಿಸಬೇಕು. ಬೇರೆ ಪ್ರಕಾಶಕರಿಗೆ ಹೇಳುವ ನಾವು ನಮ್ಮ ಪುಸ್ತಕಕ್ಕೇ ಮಾಡದಿದ್ದರೆ ಹೇಗೆ? ಪಿಡಿಎಫ್ ಅನ್ನು ಸಂಘದ ವೆಬ್‌ಸೈಟಿನಲ್ಲಿ ಮಾತ್ರ ಹಾಕಿ ಸುಮ್ಮನಾಗಬೇಡಿ. ಮುಂದಿನ ಸಮಿತಿ ಡೊಮೇನ್ ಹಣ ಕಟ್ಟುವುದು ಮರೆತರೆ ಎಲ್ಲ ಹೋಯಿತು. ಇಂಟರ್ನೆಟ್ ಆರ್ಕೈವ್‌ನಲ್ಲಿ ಒಂದು ಪ್ರತಿ, ಒಂದು ವಿಶ್ವವಿದ್ಯಾಲಯದ ಡಿಜಿಟಲ್ ಭಂಡಾರದಲ್ಲಿ ಇನ್ನೊಂದು ಪ್ರತಿ ಇರಲಿ. ಲೇಖಕರಿಂದ ಅನುಮತಿಯನ್ನು ಪ್ರಬಂಧ ತೆಗೆದುಕೊಳ್ಳುವಾಗಲೇ ಬರೆಸಿಕೊಳ್ಳಿ.

ನಮ್ಮ ಜಿಲ್ಲಾ ಪಟ್ಟಿಯ ಕೆಲಸ ಸಮ್ಮೇಳನದ ಎರಡನೇ ದಿನ ಮಧ್ಯಾಹ್ನ ಶುರುವಾಯಿತು. ಸಮಾರೋಪದ ಬದಲು ಹನ್ನೊಂದು ಗ್ರಂಥಾಲಯಗಳವರು ಒಂದು ಹಾಳೆಗೆ ಸಹಿ ಹಾಕಿದರು. ಯಾರು, ಎಷ್ಟು ಪುಸ್ತಕ, ಯಾವ ತಿಂಗಳೊಳಗೆ ಅಂತ ಅದರಲ್ಲೇ ಬರೆದಿತ್ತು. ಇಬ್ಬರು ಆಮೇಲೆ ಬಿಟ್ಟರು, ಒಂಬತ್ತು ಜನ ಮುಗಿಸಿದರು. ಆ ಪಟ್ಟಿ ಹಿಡಿದು ಈಗಲೂ ಸಂಶೋಧಕರು ಹುಡುಕಿಕೊಂಡು ಬರುತ್ತಾರೆ.

ಮೊನ್ನೆ ಆ ಗ್ರಂಥಪಾಲಕಿ ಮತ್ತೆ ಫೋನ್ ಮಾಡಿದರು. ದನಿಯಲ್ಲೇ ಖುಷಿ ಗೊತ್ತಾಗುತ್ತಿತ್ತು. "ಸಿಕ್ತು ಮೇಡಂ! ಹಳೆಯ ಆಡಿಟರ್ ಆಫೀಸಿನಲ್ಲಿತ್ತು. ಅಂಚೆಲ್ಲ ಪುಡಿಯಾಗಿದೆ. ಎರಡು ಪುಟ ಹರಿದಿದೆ. ಲ್ಯಾಮಿನೇಷನ್ ಮಾಡಿಸಿಬಿಡ್ಲಾ?"

"ಬೇಡಮ್ಮ, ಬೇಡ. ಲ್ಯಾಮಿನೇಷನ್ ಬೇಡ, ಸೆಲ್ಲೊಟೇಪೂ ಬೇಡ. ಒಣಗಿದ ಜಾಗದಲ್ಲಿ ಬಿಳಿ ಕಾಗದದ ಮಧ್ಯೆ ಮಲಗಿಸಿಡಿ. ಹರಿದ ಪುಟಗಳನ್ನು ಹಸ್ತಪ್ರತಿ ರಿಪೇರಿ ಗೊತ್ತಿರುವವರು ಜಪಾನಿ ಟಿಶ್ಯೂ ಅನ್ನೋ ತೆಳು ಕಾಗದ ಹಾಕಿ ಸರಿ ಮಾಡ್ತಾರೆ. ಅಲ್ಲಿಯ ತನಕ ಪುಟ ತಿರುವಿಹಾಕಬೇಡಿ" ಅಂದೆ. ಮೊದಲ ಪುಟದ ಫೋಟೋ ಕಳಿಸಿದ್ದಾರೆ. ತಾರೀಕಿನ ಜಾಗದಲ್ಲಿ ಶಾಯಿ ಹರಡಿದೆ. ಕೆಳಗೆ ಹತ್ತೊಂಬತ್ತು ಸಹಿ ಇದೆ. ಐದು ಹೆಸರು ನನಗೆ ಓದಲು ಬಂತು. ಅದರಲ್ಲಿ ಒಬ್ಬರು ಇನ್ನೂ ಇದ್ದಾರೆ. ಅವರ ಮನೆಗೆ ಬರುವ ಭಾನುವಾರ ಇಬ್ಬರೂ ಹೋಗುತ್ತಿದ್ದೇವೆ.